ವಾಂಟನ್ ಸೂಪ್ ತಿಳಿಯಾಗಿ ಬರಬೇಕಾದರೆ

ವಾಂಟನ್‌ಗಳನ್ನು (ತೆಳುವಾದ ಮೈದಾ ಹಾಳೆಯೊಳಗೆ ಹೂರಣ ತುಂಬಿದ ಚೀನೀ ಕಡುಬು) ನೇರವಾಗಿ ಸೂಪಿನಲ್ಲೇ ಬೇಯಿಸಬೇಡಿ. ಹಾಳೆಗೆ ಅಂಟಿದ ಹಿಟ್ಟು ಬಿಟ್ಟುಕೊಂಡು ಸೂಪ್ ಗಂಜಿಯಂತಾಗುತ್ತದೆ. ಬೇರೆ ಪಾತ್ರೆಯಲ್ಲಿ ಧಾರಾಳ ನೀರು ಕುದಿಸಿ, ಅದರಲ್ಲಿ ಬೇಯಿಸಿ, ಬಟ್ಟಲಿಗೆ ಹಾಕಿದ ಮೇಲೆ ಬಿಸಿ ಸೂಪ್ ಸುರಿಯಿರಿ.

ಹಾಳೆಗೆ 200 ಗ್ರಾಂ ಮೈದಾ, 1 ಮೊಟ್ಟೆ, ಚಿಟಿಕೆ ಉಪ್ಪು, ಸುಮಾರು 45 ಮಿ.ಲೀ. ನೀರು. ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಅರ್ಧ ಗಂಟೆ ಮುಚ್ಚಿಡಿ. ಲಟ್ಟಿಸುವಾಗ ಉದುರಿಸಲು ಮೈದಾ ಬೇಡ, ಕಾರ್ನ್‌ಫ್ಲೋರ್ ಇರಲಿ. ಹಾಳೆಗಳು ಒಂದಕ್ಕೊಂದು ಅಂಟುವುದಿಲ್ಲ. 8 ಸೆಂ.ಮೀ. ಚೌಕಗಳಾಗಿ ಕತ್ತರಿಸಿ.

ದಕ್ಷಿಣ ಚೀನಾದ ಕ್ಯಾಂಟನ್ ಶೈಲಿಯ ಹೂರಣವೆಂದರೆ ಸೀಗಡಿ ಮತ್ತು ಹಂದಿಮಾಂಸ. 150 ಗ್ರಾಂ ಸೀಗಡಿಯ ನೀರನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ದಪ್ಪಗೆ ಹೆಚ್ಚಿಕೊಳ್ಳಿ. ಜೊತೆಗೆ ಕೊಬ್ಬಿರುವ 100 ಗ್ರಾಂ ಕೀಮಾ. (ಹಂದಿ ಬೇಡದವರು ಕೋಳಿ ತೊಡೆಯ ಮಾಂಸ ಹಾಕಿ; ಎದೆಯ ಭಾಗ ಒಣಕಲಾಗುತ್ತದೆ.) ಅರ್ಧ ಚಮಚ ಉಪ್ಪು, ಬಿಳಿ ಮೆಣಸಿನ ಪುಡಿ, ಒಂದೊಂದು ಚಮಚ ಎಳ್ಳೆಣ್ಣೆ, ಸೋಯಾ ಸಾಸ್, ಕಾರ್ನ್‌ಫ್ಲೋರ್ ಸೇರಿಸಿ, ಅಂಟಂಟಾಗುವವರೆಗೂ ಒಂದೇ ದಿಕ್ಕಿಗೆ ತಿರುವಿ. ಇಲ್ಲಿ ಸೋಮಾರಿತನ ಮಾಡಿದರೆ ಬೆಂದ ಹೂರಣ ಪುಡಿಪುಡಿಯಾಗುತ್ತದೆ.

ಹಾಳೆಗೆ ಒಂದೇ ಚಮಚ ಹೂರಣ. ಅಂಚಿಗೆ ನೀರು ಸವರಿ, ಒಳಗಿನ ಗಾಳಿ ಹೊರಗೆ ಒತ್ತಿ ಮುಚ್ಚಿ. ಗಾಳಿ ಉಳಿದರೆ ಕುದಿಯುವಾಗ ಉಬ್ಬಿ ಬಾಯಿ ಬಿಡುತ್ತದೆ. ಮೇಲೆ ತೇಲಿದ ನಂತರವೂ ಒಂದೆರಡು ನಿಮಿಷ ಬೇಯಲಿ; ಒಂದನ್ನು ಕತ್ತರಿಸಿ ನೋಡಿ, ಒಳಗೆ ಹಸಿ ಇರಬಾರದು.

ಸೀಗಡಿ ಸಿಪ್ಪೆ ಎಸೆಯಬೇಡಿ. ಎಣ್ಣೆಯಲ್ಲಿ ಕೆಂಪಗೆ ಹುರಿದು, ಜಜ್ಜಿದ ಶುಂಠಿ, 1 ಲೀಟರ್ ನೀರು ಹಾಕಿ 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿದರೆ ಸೂಪ್ ಸಿದ್ಧ. ಉಪ್ಪು, ಈರುಳ್ಳಿ ಸೊಪ್ಪು ಕೊನೆಗೆ.

ಉಳಿದ ಹಸಿ ವಾಂಟನ್‌ಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಫ್ರೀಜರ್‌ನಲ್ಲಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಕರಗಿಸದೆ ಹಾಗೆಯೇ ಕುದಿನೀರಿಗೆ ಹಾಕಿ, ಒಂದೆರಡು ನಿಮಿಷ ಹೆಚ್ಚು ಬೇಯಿಸಿ.