ಶಾಲೆಯ ಮಾಡಿಗೆ ಹಳೇ ಹಂಚು: ನನ್ನ ಅನುಭವ

ಮೊನ್ನೆ ಆರಿದ್ರಾ ಮಳೆ ಹಿಡಿದು ಹೊಡೆಯುವಾಗ ಶಾಲೆಗೆ ಹೋಗಿ, ನಲಿಕಲಿ ಕೋಣೆಯ ನಡುವೆ ನಿಂತು ಮೇಲೆ ನೋಡಿದೆ. ಒಂದು ಹನಿ ಇಲ್ಲ. ಮಾಡಿಗೆ, ಅಂದರೆ ಚಾವಣಿಗೆ, ಹಳೇ ಹಂಚು ಎರಡನೇ ಸಲ ಹೊದಿಸಿದ ಮೇಲೆ ಇದು ಮೂರನೇ ಮಳೆಗಾಲ. "ಇನ್ನೊಂದು ಮಳೆಗಾಲ ಹೋಗ್ಲಿ, ಆಮೇಲೆ ಮಾತಾಡಿ" ಅನ್ನುತ್ತಿದ್ದವರೇ ಈಗ ತಮ್ಮೂರ ಶಾಲೆಗೆ ಎಷ್ಟಾಗುತ್ತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಒಂದು ಜಗಲಿ, ಹಿಂದೆ ಶೀಟು ಹೊದಿಸಿದ ಬಿಸಿಯೂಟದ ಕೋಣೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು. ಮಾಡು ಸೋರುತ್ತದೆ ಅಂತ ನೋಡಲು ಬಂದ ಇಂಜಿನಿಯರ್ "ಹಂಚು ಕಿತ್ತು ಶೀಟು ಹಾಕಿಸಿ, ಸುಮ್ನೆ ಯಾಕೆ ಒದ್ದಾಡ್ತೀರಿ" ಅಂದರು. ಅಂದಾಜು ಮೂರೂವರೆ ಲಕ್ಷ. ಮಲೆನಾಡಿನ ಮಳೆಯಲ್ಲಿ ಶೀಟಿನ ಕೆಳಗೆ ಪಾಠ ಮಾಡಿದವರಿಗೆ ಗೊತ್ತು, ಮಗ್ಗಿ ಹೇಳಿದ್ದು ಮುಂದಿನ ಸಾಲಿನ ಮಕ್ಕಳಿಗೂ ಕೇಳುವುದಿಲ್ಲ. ನಾನು ಹಂಚೇ ಅಂತ ಹಠ ಹಿಡಿದೆ.

ಮೊದಲು ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದೆವು. ಎರಡು ತಿಂಗಳಿಗೆ ಹದಿನಾಲ್ಕು ಸಾವಿರ ಆಯಿತು. ಚಪ್ಪಲಿ ಸವೆದದ್ದೇ ಹೆಚ್ಚು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಊರಲ್ಲಿ ಹತ್ತು ಹನ್ನೆರಡು ಹಳೇ ಮನೆ ಕೆಡವಿ ಆರ್‌ಸಿಸಿ ಮಾಡಿದ್ದಾರೆ, ಇಳಿಸಿದ ಹಂಚೆಲ್ಲ ಹಿತ್ತಲಲ್ಲಿ ರಾಶಿ. ದುಡ್ಡು ಕೇಳಿದರೆ ಮುಖ ತಿರುಗಿಸುತ್ತಿದ್ದವರು ಹಂಚು ಕೇಳಿದ ಕೂಡಲೇ "ತಗೊಂಡೋಗಿ ಮಾರಾಯ್ರಾ, ಅದ್ರೊಳಗೆ ಹಾವು ಸೇರ್ಕಂಡಿದೆ" ಅಂದರು. ಮೂರು ವಾರದಲ್ಲಿ 3400 ಹಂಚು ಶಾಲೆಯ ಅಂಗಳಕ್ಕೆ ಬಂತು. ನಮಗೆ ಬೇಕಿದ್ದದ್ದು ಸುಮಾರು 2100. ನಾನು ಮೀಸೆ ತಿರುವಿದೆ.

ತಪ್ಪಿದ್ದೂ ಅಲ್ಲೇ. ಕೈಗೆ ಸಿಕ್ಕಿದ ಹಂಚನ್ನು ಸಿಕ್ಕಿದ ಹಾಗೆ ಹೊದಿಸಿದೆವು. ರೀಪಿಗೆ (ಹಂಚು ಕೂರಿಸುವ ಮರದ ಪಟ್ಟಿಗೆ) ದುಡ್ಡು ಉಳಿಸೋಣ ಅಂತ ಪುಕ್ಕಟೆ ಸಿಕ್ಕಿದ ಅಡಿಕೆ ಮರದ ಸೀಳು ದಬ್ಬೆ ಹೊಡೆದೆವು. ಹಂಚಿನ ಪಾಚಿ ತೆಗೆಯಲು ಕಾರು ತೊಳೆಯುವ ಪಂಪು ತಂದದ್ದು ನನ್ನದೇ ಐಡಿಯಾ. ಅದು ಪಾಚಿಯ ಜೊತೆ ಹಳೇ ಹಂಚಿನ ಮೇಲ್ಪದರವನ್ನೂ ಎಬ್ಬಿಸಿತು. ಹಂಚು ಬಿಸ್ಕತ್ತಿನ ಹಾಗೆ ನೀರು ಕುಡಿಯತೊಡಗಿತು. ಜೂನ್ ಎರಡನೇ ವಾರ ಮಳೆ ಕೂತಾಗ ಮೊದಲು ಆರು ಕಡೆ ಸೋರುತ್ತಿದ್ದ ಮಾಡು ಹದಿನೈದು ಕಡೆ ಸೋರಿತು. ಮಕ್ಕಳನ್ನು ಸಮುದಾಯ ಭವನದಲ್ಲಿ ಕೂರಿಸಬೇಕಾಯಿತು. ಆ ವರ್ಷ ನಾನು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದೆ. ನಷ್ಟ 38 ಸಾವಿರದ ಹತ್ತಿರ, ವಸೂಲಿಯ ಹದಿನಾಲ್ಕು ಕಳೆದರೆ ಉಳಿದದ್ದು ನನ್ನ ಕಿಸೆಯದು. ಮನೆಯಲ್ಲಿ ಇವತ್ತಿಗೂ ಪೂರ್ತಿ ಲೆಕ್ಕ ಹೇಳಿಲ್ಲ.

ಕಾರಣ ಹೇಳಿದ್ದು ಒಬ್ಬ ಹಳೇ ಆಚಾರ್ರು. ಎರಡು ಹಂಚು ಮಗುಚಿ ಬೆನ್ನು ತೋರಿಸಿದರು. ಒಂದರ ಮೇಲೆ ಒಂದು ಕಾರ್ಖಾನೆಯ ಮುದ್ರೆ, ಇನ್ನೊಂದರ ಮೇಲೆ ಬೇರೆಯದು. "ಇವೆರಡಕ್ಕೆ ಜೋಡಿ ಆಗಲ್ಲ ಮೇಷ್ಟ್ರೇ, ಜಾತಕ ನೋಡ್ಬೇಕಿತ್ತು" ಅಂದರು. (ನಾನು ಮೇಷ್ಟ್ರಲ್ಲ, ಶಾಲೆಯಲ್ಲೇ ಬಿದ್ದಿರುತ್ತಿದ್ದೆ ಅಂತ ಹಾಗೆ ಕರೆಯುತ್ತಿದ್ದರು.) ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆಮೇಲೆ ಹೊಳೆ ದಂಡೆಯಲ್ಲಿ ಸಾಲುಸಾಲು ಕಾರ್ಖಾನೆ ಎದ್ದವು, ಒಂದೊಂದರ ಅಚ್ಚೂ ಒಂದೊಂದು ಥರ. ಕಣ್ಣಿಗೆ ಎಲ್ಲ ಒಂದೇ. ಆದರೆ ಒಂದರ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಇನ್ನೊಂದರ ಅಂಚು ಕೂರುವುದಿಲ್ಲ, ಕಾಲು ಇಂಚು ಬಾಯಿ ಬಿಡುತ್ತದೆ. ನಮ್ಮ ಗಾಳಿಮಳೆಗೆ ಕಾಲು ಇಂಚು ಧಾರಾಳ ಸಾಕು.

ಮರುವರ್ಷ ಏಪ್ರಿಲ್ ರಜೆ ಶುರುವಾದ ಕೂಡಲೇ ಎಲ್ಲ ಇಳಿಸಿದೆವು. ನಾಲ್ಕು ಐದನೇ ಕ್ಲಾಸಿನ ಹುಡುಗರು ಬೆನ್ನ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿ ಓದಿ ಹೇಳಿದರು, ನಾವು ಹಂಚನ್ನು ಜಾತಿವಾರು ಜೋಡಿಸಿದೆವು. ಬೆರಳ ಗೆಣ್ಣಿನಿಂದ ಬಡಿದಾಗ ಟಣ್ ಅಂದದ್ದು ಒಳಗೆ, ದಬ್ ಅಂದದ್ದು ಹೊರಗೆ. ಮುಂದಿನ ಮಾಡಿಗೆ ಒಂದು ಜಾತಿ, ಹಿಂದಿನದಕ್ಕೆ ಇನ್ನೊಂದು, ಜಗಲಿಗೆ ಮೂರನೆಯದು. ರೀಪಿನ ಅಂತರ ಹನ್ನೆರಡೂವರೆ ಇಂಚಿನ ಆಸುಪಾಸು, ಆದರೆ ಅದೂ ಜಾತಿಗೆ ತಕ್ಕ ಹಾಗೆ ಸ್ವಲ್ಪ ಆಚೀಚೆ. ಟೇಪು ನಂಬಬೇಡಿ. ನಾಲ್ಕು ಸಾಲು ಹಂಚು ನೆಲದಲ್ಲೇ ಕೂಡಿಸಿ, ಅಳತೆ ಕೋಲು ಮಾಡಿಕೊಂಡು ರೀಪು ಹೊಡೆಯಿರಿ.

ಒರಲೆ (ಗೆದ್ದಲು) ಹಿಡಿಯದ ಹಾಗೆ ರೀಪಿಗೆ ಗೇರು ಎಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಉರಿ ಅಂದರೆ ಉರಿ. ಗ್ಲೌಸ್ ಬೇಡ ಅಂದ ಇಬ್ಬರ ಕೈ ಒಂದು ವಾರ ಸುಲಿದಿತ್ತು. ಮಕ್ಕಳನ್ನು ಹತ್ತಿರ ಬಿಡಲೇಬೇಡಿ. ಎಣ್ಣೆಗೆ ಬೆರೆಸುವುದು ಇನ್ನೊಂದಿದೆ, ಅದು ನನ್ನ ಹತ್ತಿರವೇ ಇರಲಿ.

ಖರ್ಚು ನೆನಪಿದ್ದ ಹಾಗೆ ಹೇಳುತ್ತೇನೆ. ಮಿಲ್ಲಿನ ರೀಪು 31 ಸಾವಿರ, ಆಚಾರ್ರು ಮತ್ತು ಅವರ ಕಡೆಯವರಿಗೆ 24, ಮಾಡಿನ ನೆತ್ತಿಗೆ ಕೂರಿಸುವ ಹೊಸ ಹಂಚು ಮತ್ತು ಸಿಮೆಂಟಿಗೆ 9, ಟ್ರ್ಯಾಕ್ಟರ್ ಬಾಡಿಗೆ 6, ಆರು ಗಾಜಿನ ಹಂಚಿಗೆ ಒಂದೂವರೆ, ಚಿಲ್ಲರೆ ನಾಲ್ಕೈದು. ಊಟ, ಕಾಫಿ, ಅವಲಕ್ಕಿಗೇ 11 ಸಾವಿರ! ಶ್ರಮದಾನ ಪುಕ್ಕಟೆ ಅಂದುಕೊಂಡವರು ಈ ಒಂದು ಬಾಬ್ತು ನೋಡಿಕೊಳ್ಳಿ. ಒಟ್ಟು 87, 88 ಸಾವಿರ. ಈ ಸಲದ ದುಡ್ಡೆಲ್ಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಯ ಮೂಲಕವೇ ಹೋಯಿತು. ಮೊದಲ ವರ್ಷ ಕೈಯಲ್ಲಿ ಹಿಡಿದ ದುಡ್ಡಿಗೆ ಕೇಳಬಾರದ ಮಾತು ಕೇಳಿದ್ದೆ.

ಬೆಂಗಳೂರಿನಿಂದ ಶನಿವಾರ ಭಾನುವಾರ ಬರುತ್ತಿದ್ದ ಹಳೇ ವಿದ್ಯಾರ್ಥಿಗಳನ್ನು ಮಾಡು ಹತ್ತಿಸಲಿಲ್ಲ. ಕೆಳಗೆ ಸಾಲಾಗಿ ನಿಂತು ಹಂಚು ಕೈಯಿಂದ ಕೈಗೆ ದಾಟಿಸಲು ಅವರೇ ಸರಿ. ಗೋಡೆಯದು ಬೇರೆ ಕಥೆ. ನಮಗಿಂತ ಮುಂಚೆ ಒಂದು ಕಂಪನಿಯವರು ಬಂದು, ಒದ್ದೆ ಗೋಡೆಗೇ ಪ್ಲಾಸ್ಟಿಕ್ ಪೇಂಟು ಬಳಿದು ಆನೆ ಜಿರಾಫೆ ಬರೆದು ಫೋಟೋ ತೆಗೆದುಕೊಂಡು ಹೋಗಿದ್ದರು. ಒಂದೇ ಮಳೆಗಾಲಕ್ಕೆ ಜಿರಾಫೆಯ ಕುತ್ತಿಗೆ ಹಪ್ಪಳದ ಹಾಗೆ ಎದ್ದುಬಂತು. ಆ ಪೇಂಟು ಕೆರೆದು ಸುಣ್ಣ ಹೊಡೆಯುವಷ್ಟರಲ್ಲಿ ಭುಜ ಬಿದ್ದುಹೋಯಿತು. ಕೆರೆಯದೆ ಬಿಟ್ಟ ಕಡೆ ಸುಣ್ಣ ನಿಲ್ಲಲೇ ಇಲ್ಲ.

ಉಳಿದ ಸುಣ್ಣವನ್ನು ಸುಮ್ನೆ ನೋಡೋಣ ಅಂತ ಬಿಸಿಯೂಟದ ಕೋಣೆಯ ಶೀಟಿನ ಮೇಲೆ ಬಳಿದೆ. ಮಧ್ಯಾಹ್ನ ಒಳಗಿನ ಕಾವು ಮೂರು ನಾಲ್ಕು ಡಿಗ್ರಿ ಇಳಿಯಿತು, ನನ್ನ ಥರ್ಮಾಮೀಟರ್ ನಂಬುವುದಾದರೆ. ಅಡುಗೆಯಮ್ಮ ಖುಷಿಯಾದರು. ಜೂನಿನಲ್ಲಿ ಪೂರ್ತಿ ತೊಳೆದುಹೋಯಿತು. ಈಗ ಪ್ರತಿ ಫೆಬ್ರವರಿಯಲ್ಲಿ ಬಳಿಯಿರಿ ಅಂತ ನನ್ನನ್ನೇ ಹಿಡಿಯುತ್ತಾರೆ.

ಮಂಗಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೂರು ವರ್ಷದಲ್ಲಿ ಒಡೆದದ್ದು ಇಪ್ಪತ್ತು ಹಂಚು ಇರಬಹುದು, ಮೊದಲು ಒಂದೇ ತಿಂಗಳಿಗೆ ಅಷ್ಟು ಹೋಗುತ್ತಿತ್ತು. ಏನು ಮಾಡಿದೆ ಅಂತ ಬರೆಯುವುದಿಲ್ಲ, ಬರೆದರೆ ಮಂಗಗಳಿಗೂ ಗೊತ್ತಾಗುತ್ತದೆ.

ಶಾಲೆಯ ಹಿಂದೆ ಇನ್ನೂ 400 ಹಂಚು ಮಿಕ್ಕಿವೆ. ಪಕ್ಕದ ಊರಿನವರು ಕೊಡಿ ಅನ್ನುತ್ತಿದ್ದಾರೆ. ಮೊದಲು ನಿಮ್ಮ ಮಾಡಿನದೊಂದು ಹಂಚು ಇಳಿಸಿ ತನ್ನಿ, ಬೆನ್ನು ನೋಡೋಣ ಅಂದಿದ್ದೇನೆ.