ಮೈ ಒದ್ದೆಯಿರುವಾಗಲೇ ಕ್ರೀಮ್ ಹಚ್ಚಿ

ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಮನೆಮನೆಗೂ ಕೋಲ್ಡ್ ಕ್ರೀಮ್ ಬರುತ್ತದೆ. ಆದರೂ ಕಲಬುರಗಿ, ವಿಜಯಪುರದ ಒಣಹವೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಎಷ್ಟೋ ಜನರ ಮೊಣಕಾಲಿನ ಕೆಳಗೆ ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತದೆ. ಹೆಚ್ಚಿನವರು ಎಡವುವುದು ಹಚ್ಚುವ ಹೊತ್ತಿನಲ್ಲಿ. ಬಟ್ಟೆ ತೊಟ್ಟು, ತಿಂಡಿ ಮುಗಿಸಿ, ಚರ್ಮ ಬಿಗಿದು ಉರಿಯತೊಡಗಿದ ಮೇಲೆ ಅವರಿಗೆ ಕ್ರೀಮ್ ನೆನಪಾಗುತ್ತದೆ.

ಮೊದಲು ಸ್ನಾನದ ನೀರು ಸರಿಯಾಗಲಿ. ಹಂಡೆಯ ನೀರು ಹಬೆಯಾಡಬೇಕೆಂಬ ಹಟ ಬಿಡಿ. ಚರ್ಮದ ಹೊರಪದರದ ಕೋಶಗಳ ನಡುವಿನ ಕೊಬ್ಬಿನಂಶವೇ ಒಳಗಿನ ತೇವವನ್ನು ಹಿಡಿದಿಡುವುದು. ಸುಡುನೀರೂ ಸೋಪೂ ಸೇರಿ ಅದನ್ನು ತೊಳೆದು ಹಾಕುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷದೊಳಗೆ ಮುಗಿಸಿ. ಸಾಮಾನ್ಯ ಸೋಪಿನ ಪಿಎಚ್ (ಆಮ್ಲ-ಕ್ಷಾರಗಳ ಅಳತೆ) 9ರಿಂದ 10, ಅಂದರೆ ಕ್ಷಾರ; ಚರ್ಮದ್ದು 5ರ ಆಸುಪಾಸು, ಅಂದರೆ ತುಸು ಆಮ್ಲ. ಹಾಗಾಗಿ ಚಳಿಗಾಲದಲ್ಲಿ ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಸೋಪು ಸಾಕು. ತೆಂಗಿನ ನಾರಿನಿಂದ ತಿಕ್ಕುವುದಂತೂ ಬೇಡವೇ ಬೇಡ.

ಇನ್ನು ಮುಖ್ಯ ಕೆಲಸ. ಟವೆಲ್ಲಿನಿಂದ ಉಜ್ಜದೆ, ಒತ್ತಿ ಒತ್ತಿ ನೀರು ತೆಗೆಯಿರಿ. ಹನಿ ಇಳಿಯಬಾರದು, ಆದರೆ ಕೈಯಿಟ್ಟರೆ ತಣ್ಣನೆಯ ಪಸೆ ತಾಗಬೇಕು. ಈ ಸ್ಥಿತಿ ಮೂರು ನಿಮಿಷವೂ ಉಳಿಯುವುದಿಲ್ಲ, ಆದ್ದರಿಂದ ಡಬ್ಬಿಯನ್ನು ಬಚ್ಚಲುಮನೆಯಲ್ಲೇ ಇಡಿ. ಮೊಣಕಾಲಿನ ಕೆಳಭಾಗದಲ್ಲಿ ಎಣ್ಣೆ ಗ್ರಂಥಿಗಳು ಕಡಿಮೆ, ಅಲ್ಲಿಂದಲೇ ಶುರುಮಾಡಿ. ಆಮೇಲೆ ಮೊಣಕೈ, ಕೈ, ಕೊನೆಗೆ ಹೊಟ್ಟೆ, ಬೆನ್ನು. ರೋಮ ಬೆಳೆದ ದಿಕ್ಕಿನಲ್ಲೇ ಸವರಿ. ಅಡ್ಡಾದಿಡ್ಡಿ ತಿಕ್ಕಿದರೆ ರೋಮದ ಬುಡದಲ್ಲಿ ಗುಳ್ಳೆಗಳೇಳಬಹುದು. ಹಚ್ಚಿದ ಮೇಲೆ ಚರ್ಮ ತುಸು ಮಿನುಗಬೇಕು. ಕೂಡಲೇ ಹೀರಿ ಮಾಯವಾದರೆ ಇನ್ನೊಂದು ಸುತ್ತು ಹಚ್ಚಿ.

ಯಾವುದನ್ನು ಕೊಳ್ಳಬೇಕು? ಒಣಹವೆಗೆ ತೆಳು ಲೋಷನ್ ಸಾಲದು, ಗ್ಲಿಸರಿನ್ ಇರುವ ಗಟ್ಟಿ ಕ್ರೀಮ್ ಬೇಕು. ಘಮಘಮಿಸುವ ಬಾಟಲಿಗಳ ಗೊಡವೆಗೆ ಹೋಗಬೇಡಿ, ಸುಗಂಧದಿಂದ ತುರಿಕೆ ಶುರುವಾಗುವವರು ಬಹಳ ಮಂದಿ. ದುಡ್ಡು ಉಳಿಸಬೇಕೆಂದರೆ ತೆಂಗಿನೆಣ್ಣೆಯೂ ಆದೀತು, ಒದ್ದೆ ಮೈಗೇ ಹಚ್ಚಬೇಕು. ಮೊಡವೆಯಿರುವ ಮುಖಕ್ಕೆ ಮಾತ್ರ ಬೇಡ.

ಒಡೆದ ಹಿಮ್ಮಡಿಗೆ ರಾತ್ರಿಯೇ ಸರಿಯಾದ ಹೊತ್ತು. ಹತ್ತು ನಿಮಿಷ ನೀರಲ್ಲಿ ನೆನೆಸಿ, ಕಲ್ಲಿನಿಂದ ಹಗುರಾಗಿ ಉಜ್ಜಿ, ಚರ್ಮ ಮೆದುವಾಗಿಸುವ ಯೂರಿಯಾ ಇರುವ ಕ್ರೀಮ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಬ್ಲೇಡಿನಿಂದ ಕೆತ್ತಬೇಡಿ. ರಕ್ತ ಬರುವಷ್ಟು ಬಿರುಕಿದ್ದರೆ, ಅಥವಾ ಸಕ್ಕರೆ ಕಾಯಿಲೆಯಿದ್ದರೆ, ಕಲ್ಲನ್ನೂ ಮುಟ್ಟದೆ ವೈದ್ಯರಿಗೆ ತೋರಿಸಿ.

ಸನ್‌ಸ್ಕ್ರೀನ್ ಬೇಸಿಗೆಗಷ್ಟೇ ಎಂದು ಎತ್ತಿಡಬೇಡಿ. ನೇರಳಾತೀತ ಕಿರಣಗಳಲ್ಲಿ ಎ ಬಗೆಯವು ಮೋಡವನ್ನೂ ಕಿಟಕಿ ಗಾಜನ್ನೂ ದಾಟಿ ಬರುತ್ತವೆ. ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಅಳತೆ) 30 ಇದ್ದು, ಎ ಬಗೆಯ ಕಿರಣಗಳಿಗೂ ತಡೆಯಾಗುವ ಕ್ರೀಮ್ ಆರಿಸಿ. ಬಟಾಣಿ ಗಾತ್ರದಷ್ಟು ಹಚ್ಚಿದರೆ ಪ್ರಯೋಜನವಿಲ್ಲ: ಮುಖ, ಕುತ್ತಿಗೆಗೆ ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಾಕಿಕೊಂಡಷ್ಟು ಬೇಕು. ಹೊರಡುವ ಹದಿನೈದು ನಿಮಿಷ ಮುಂಚೆ ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಿಸಿಲಿಗೆ ಕಪ್ಪಾದ ಮುಖಕ್ಕೆ ನಿಂಬೆಹಣ್ಣು ಉಜ್ಜುವ ಉಪಾಯವನ್ನು ದಯವಿಟ್ಟು ಮಾಡಬೇಡಿ. ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಬೊಬ್ಬೆಯೇ ಏಳಬಹುದು, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಕಾಲ್ಬೆರಳ ಸಂದು, ತೊಡೆಸಂದುಗಳನ್ನು ಒಣಗಿಸಿಕೊಂಡರೆ ಅರ್ಧ ಕೆಲಸ ಆಯಿತು. ಒಳಉಡುಪು ಅರೆ ಒಣಗಿದ್ದರೆ ತೊಡಬೇಡಿ. ತುರಿಕೆಯ ಕೆಂಪು ಉಂಗುರ ಕಂಡಾಗ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬಿನ ಬಗ್ಗೆ ಎಚ್ಚರ. ಅದರ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್, ಕೆಂಪು ತುರಿಕೆಯನ್ನು ಅದುಮಿಡುವ ಔಷಧ. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಆ ಉಂಗುರಕ್ಕೆ ಕಾರಣವಾದ ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ಬೆಳ್ಳಗಾಗಲೆಂದು ಇದನ್ನೇ ಮುಖಕ್ಕೆ ಹಚ್ಚುವವರಿದ್ದಾರೆ. ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ. ಬಹಳ ದಿನ ಹಚ್ಚಿದ್ದರೆ ಥಟ್ಟನೆ ನಿಲ್ಲಿಸಿದಾಗಲೂ ಮುಖ ಉರಿದು ಕೆರಳಬಹುದು. ಆ ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮವೈದ್ಯರ ಬಳಿ ಹೋಗಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ.