ಬೈಪಾಸ್ ಹಾಕಲು ಬಿಚ್ಚಿದೆ, ಸೀಳಿದ ಪೈಪು ಸಿಕ್ಕಿತು

ಇಜಿಆರ್ ಅಂದರೆ ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕಳಿಸುವ ವ್ಯವಸ್ಥೆ. ಆ ದಾರಿಗೆ ತಗಡು ಹಾಕಿ ಮುಚ್ಚುವುದೇ ಬ್ಲಾಕ್, ಇಲ್ಲವೇ ಬೈಪಾಸ್. ಅದಕ್ಕೆ ಬೇಕಾದ ತಗಡನ್ನು ನಾನೇ ಕತ್ತರಿಸಿಟ್ಟಿದ್ದೆ. 1.5 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲು. ಹಳೆಯ ಪ್ಯಾಕಿಂಗನ್ನು ಮೇಲಿಟ್ಟು ಗೀರು ಹಾಕಿ, ಬೋಲ್ಟಿಗೆ ಎರಡು ತೂತು ಕೊರೆದು, ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದ್ದೆ. ಅದನ್ನು ಕೂರಿಸಲೆಂದೇ ಬಾನೆಟ್ ಎತ್ತಿದ್ದು. ಆದರೆ ತಗಡು ಎಂಜಿನ್ ಒಳಗೆ ಹೋಗಲೇ ಇಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಡೀಸೆಲ್ ಕಾರು. 1,10,000 ಕಿ.ಮೀ. ದಾಟಿದ ಮೇಲೆ ಪಿಕಪ್ ಕಡಿಮೆಯಾಯಿತು. ಎರಡನೇ ಗೇರಿನಲ್ಲಿ ನಿಧಾನಕ್ಕೆ ಹೋಗುವಾಗ ಜಗ್ಗಿದ ಹಾಗೆ ಆಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ. ಆಮೇಲೆ ಎಂಜಿನ್ ಲೈಟೂ ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಪಿ0401, ಅಂದರೆ ಇಜಿಆರ್ ಹರಿವು ಸಾಲದು ಎಂಬ ಕೋಡ್. ಪರಿಚಯದ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಮುಗಿಸಿದರು: "ಸಾರ್, ಇಜಿಆರ್ ಬ್ಲಾಕ್ ಮಾಡ್ಬಿಡಿ. ಆಮೇಲೆ ಪಿಕಪ್ ನೋಡಿ." ನನಗೂ ಅದೇ ಸರಿ ಅನ್ನಿಸಿತ್ತು. ಸುಟ್ಟ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಉಣಿಸುವುದು ಯಾವ ನ್ಯಾಯ ಅಂದುಕೊಂಡಿದ್ದೆ.

ಬಿಚ್ಚುವ ಮೊದಲು ಒಂದು ಅಳತೆ ಮಾಡಿದೆ. ಇದೊಂದನ್ನು ಎಲ್ಲರೂ ಮಾಡಲೇಬೇಕು ಎನ್ನುತ್ತೇನೆ. ಎಂಜಿನ್ ಎಷ್ಟು ಹೊಸ ಗಾಳಿ ಎಳೆಯುತ್ತಿದೆ ಎಂದು ಮಾಫ್ ಸೆನ್ಸರ್ ಹೇಳುತ್ತದೆ. ನನ್ನ ಎಂಜಿನ್ನಿನ ಒಂದೊಂದು ಸಿಲಿಂಡರ್ ಅರ್ಧ ಲೀಟರಿನದು. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಹಾಗಾಗಿ ಸಿಲಿಂಡರ್ ಪೂರ್ತಿ ತುಂಬಿದರೆ 600 ಮಿಲಿಗ್ರಾಂ. ಐಡ್ಲಿಂಗ್‌ನಲ್ಲಿ ಅಷ್ಟೇನೂ ತುಂಬುವುದಿಲ್ಲ. ಇಜಿಆರ್ ಮುಚ್ಚಿದ್ದಾಗ ನನಗೆ ಕಂಡದ್ದು 480. ಹೊಗೆಯನ್ನು ಒಳಬಿಡುವ ಇಜಿಆರ್ ವಾಲ್ವ್ ತೆರೆದರೆ ಸಿಲಿಂಡರಿನಲ್ಲಿ ಒಂದಷ್ಟು ಜಾಗವನ್ನು ಹೊಗೆ ಹಿಡಿಯುತ್ತದೆ, ಹೊಸ ಗಾಳಿಯ ಲೆಕ್ಕ ಅಷ್ಟೇ ಇಳಿಯಬೇಕು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಹರಿವನ್ನು ತಿಳಿಯುವುದೇ ಹೀಗೆ. ನನ್ನ ಕಾರಿನಲ್ಲಿ ವಾಲ್ವ್ ಪೂರ್ತಿ ತೆರೆದರೂ ಲೆಕ್ಕ ಇಳಿದದ್ದು 430ಕ್ಕೆ ಮಾತ್ರ. ದಾರಿ ಎಲ್ಲೋ ಕಟ್ಟಿಕೊಂಡಿದೆ ಎಂದು ಇಷ್ಟರಲ್ಲೇ ಗೊತ್ತಾಯಿತು. ಇಂಥ ಕಾರಿಗೆ ತಗಡು ಹಾಕಿದರೆ ಲೆಕ್ಕ 480 ಬಿಟ್ಟು ಕದಲುವುದಿಲ್ಲ, ಅದೇ ಪಿ0401 ಮತ್ತೆ ಬರುತ್ತದೆ. ಅದನ್ನು ಅಡಗಿಸಲು ಸಾಫ್ಟ್‌ವೇರ್ ತಿದ್ದಿಸಬೇಕು. ತಗಡಿನಲ್ಲಿ ಸಣ್ಣ ತೂತು ಬಿಟ್ಟು ಕೋಡ್ ಬಾರದಂತೆ ನೋಡಿಕೊಳ್ಳುವವರೂ ಇದ್ದಾರೆ.

ಕೆಲಸ ಶುರುವಾದದ್ದು ಬೋಲ್ಟುಗಳ ಜೊತೆ ಜಗಳದಿಂದ. ಎಕ್ಸಾಸ್ಟ್ ಕಡೆಯ ಎರಡು ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಒಮ್ಮೆ ಬಿಗಿ ಮಾಡಿ, ಒಮ್ಮೆ ಸಡಿಲಿಸಿ, ಕಾಲು ಸುತ್ತು ಕಾಲು ಸುತ್ತಾಗಿ ಬಿಚ್ಚಿದೆ. ಜೋರು ಮಾಡಿದ್ದರೆ ತಲೆ ಕಿತ್ತು ಬರುತ್ತಿತ್ತು. ಬ್ಯಾಟರಿಯ ನೆಗೆಟಿವ್ ತೆಗೆದು, ತಣ್ಣಗಾದ ಎಂಜಿನ್ನಿನಿಂದ ಕೂಲಂಟ್ ಇಳಿಸಿ, ವಾಲ್ವ್, ಇಜಿಆರ್ ಹೊಗೆಯನ್ನು ಕೂಲಂಟಿನಿಂದ ತಣಿಸುವ ಕೂಲರ್, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಮೂರನ್ನೂ ಹೊರತೆಗೆದೆ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಬೇಕೇ ಬೇಕು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2012ರಲ್ಲೇ ಹೇಳಿದೆ. ನಾವು ಕೆರೆಯುವ ಮಸಿ ಅದೇ ಹೊಗೆಯದ್ದು.

ಮ್ಯಾನಿಫೋಲ್ಡ್ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಕೈ ಹಾಗೇ ನಿಂತಿತು. 50 ಮಿ.ಮೀ. ಇರಬೇಕಾದ ಬಾಯಿಯಲ್ಲಿ ವರ್ನಿಯರ್ 31 ತೋರಿಸಿತು. ಇಷ್ಟು ಕಿರಿದಾದ ದಾರಿಯಲ್ಲಿ ಟರ್ಬೊ ಎಷ್ಟು ನೂಕಿದರೇನು? ಮರದ ಚಮಚದಂಥ ಒಂದು ಪಟ್ಟಿ ಮಾಡಿಕೊಂಡು ಕೆರೆದೆ. ಒಂದು ಕವರಿನಲ್ಲಿ ತುಂಬಿದ ಮಸಿ 410 ಗ್ರಾಂ ತೂಗಿತು.

ಮಸಿ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಇದನ್ನು ನಾನು ಕಲಿತದ್ದು ಅವತ್ತೇ. ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪಿನಿಂದ ಎಣ್ಣೆಯ ಆವಿ ಬಂದು ಸೇರುವ ಜಾಗದಲ್ಲಿ ಮಸಿ ಅಂಟಂಟಾಗಿ, ಗ್ರೀಸಿನ ಹಾಗೆ ಇರುವುದು ಸಹಜ. ಬಿಸಿ ಹೊಗೆಯಷ್ಟೇ ಓಡಾಡುವ ಕಡೆ ಅದು ಒಣಗಿರಬೇಕು, ಬೆರಳಿಂದ ಉಜ್ಜಿದರೆ ದೀಪದ ಕಾಡಿಗೆಯಂತೆ ಪುಡಿಯಾಗಬೇಕು. ನನ್ನ ಕೂಲರ್ ಒಳಗೆ ಹೊಗೆ ಬಿಟ್ಟರೆ ಬೇರೇನೂ ಹೋಗುವುದಿಲ್ಲ. ಆದರೂ ಅಲ್ಲಿನ ಮಸಿ ಒದ್ದೆಯಾಗಿತ್ತು, ಟಾರಿನಂತೆ ಎಳೆ ಬರುತ್ತಿತ್ತು. ಮೂಸಿ ನೋಡಿದರೆ ಹಸಿ ಡೀಸೆಲ್ ವಾಸನೆ.

ಸುಡದ ಡೀಸೆಲ್ ಕೂಲರಿನಲ್ಲಿ ಇಳಿದು ನಿಲ್ಲಬೇಕಾದರೆ ಹೊಗೆ ತೀರ ತಣ್ಣಗಾಗಿರಬೇಕು. ಎಂಜಿನ್ ಬಿಸಿಯಾದ ಮೇಲೆ ಕೂಲಂಟೇ 90 ಡಿಗ್ರಿಯ ಆಸುಪಾಸು ಇರುತ್ತದೆ, ಆಗ ಇದಾಗುವುದು ಕಷ್ಟ. ಆಗುವುದು ಬೆಳಗಿನ ಮೊದಲ ಸ್ಟಾರ್ಟಿನಲ್ಲಿ. ಆಗ ಕೂಲಂಟ್ ತಣ್ಣಗಿರುತ್ತದೆ, ಎಂಜಿನ್ ಸರಿಯಾಗಿ ಸುಡುತ್ತಿರುವುದಿಲ್ಲ, ಹೊಗೆಯಲ್ಲಿ ಹಸಿ ಇಂಧನವೂ ನೀರಾವಿಯೂ ಇರುತ್ತವೆ. ಇದು ಗೊತ್ತಿರುವುದರಿಂದಲೇ ಕಾರು ಮಾಡುವವರು ಕೂಲರಿಗೆ ಒಂದು ಬೈಪಾಸ್ ಇಟ್ಟಿರುತ್ತಾರೆ. ಎಂಜಿನ್ ತಣ್ಣಗಿರುವಾಗ ಒಂದು ಸಣ್ಣ ಬಾಗಿಲು ತಿರುಗಿ ಹೊಗೆಯನ್ನು ಕೂಲರಿನ ಪಕ್ಕದ ದಾರಿಯಿಂದ ನೇರ ಕಳಿಸುತ್ತದೆ. ಬಿಸಿಯಾದ ಮೇಲೆ ಹೊಗೆ ಕೂಲರಿನೊಳಗೆ ಹೋಗುತ್ತದೆ. ಎಲ್ಲ ಕಾರುಗಳಲ್ಲೂ ಇದು ಇರುವುದಿಲ್ಲ. ನನ್ನದರಲ್ಲಿ ಇತ್ತು. ನಾನು ಬೈಪಾಸ್ ಹಾಕಲು ಹೊರಟಿದ್ದ ಕಾರಿನಲ್ಲಿ ಬೇಕಾದ ಬೈಪಾಸ್ ಆಗಲೇ ಇತ್ತು, ಕೆಲಸ ಮಾಡುತ್ತಿರಲಿಲ್ಲ ಅಷ್ಟೆ.

ಆ ಬಾಗಿಲನ್ನು ಎಳೆಯುವುದು, ಗಾಳಿ ಹೀರಿದರೆ ಕಡ್ಡಿಯನ್ನು ಸೆಳೆಯುವ ಒಂದು ಡಬ್ಬಿ, ಅಂದರೆ ವ್ಯಾಕ್ಯೂಮ್ ಆ್ಯಕ್ಚುಯೇಟರ್. ಕೈ ಪಂಪಿನಿಂದ ವ್ಯಾಕ್ಯೂಮ್ ಕೊಟ್ಟೆ. ಕಡ್ಡಿ ಮೊದಲು ತಡವರಿಸಿತು, ಆಮೇಲೆ ಸರಿಯಿತು. ಐದು ನಿಮಿಷ ಬಿಟ್ಟರೂ ಪಂಪಿನ ಮುಳ್ಳು ಇಳಿಯಲಿಲ್ಲ, ಅಂದರೆ ಒಳಗಿನ ಡಯಾಫ್ರಂ (ರಬ್ಬರ್ ಪೊರೆ) ಸೋರದೆ ಚೆನ್ನಾಗಿದೆ. ಹಾಗಾದರೆ ದೋಷ ಇನ್ನೂ ಹಿಂದಿದೆ. ವ್ಯಾಕ್ಯೂಮನ್ನು ಬಿಡುವ, ತಡೆಯುವ ವಿದ್ಯುತ್ ವಾಲ್ವಾದ ಸೊಲೆನಾಯ್ಡಿನಿಂದ ಬರುವ ರಬ್ಬರ್ ಪೈಪನ್ನು ಬೆರಳಿನಲ್ಲಿ ತಡವುತ್ತ ಹೋದೆ. ಬಾಲ್‌ಪೆನ್ನಿನ ರೀಫಿಲ್‌ಗಿಂತ ಕೊಂಚ ದಪ್ಪ, ಅಷ್ಟೇ ಅದು. ಒಂದು ಕಡೆ ಕಬ್ಬಿಣದ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ನೆಟ್ಟಗೆ ಹಿಡಿದರೆ ಏನೂ ಕಾಣದು. ಬಗ್ಗಿಸಿದ ಕೂಡಲೇ ಉದ್ದಕ್ಕೆ ಬಾಯಿ ತೆರೆಯಿತು, ಬೆರಳುಗುರಿನಷ್ಟು ಸೀಳು. ಗಾಳಿ ಅಲ್ಲೇ ಸೋರಿ, ಬಾಗಿಲು ಕದಲದೆ, ದಿನಾ ಬೆಳಿಗ್ಗೆ ತಣ್ಣನೆಯ ಕೂಲರಿನೊಳಗೆ ಹಸಿ ಹೊಗೆ ಹೋಗಿದೆ. ನನ್ನ ಓಡಾಟವೂ ಬಹುಪಾಲು ಎಂಜಿನ್ ಬಿಸಿಯಾಗುವಷ್ಟರಲ್ಲಿ ಮುಗಿಯುವಂಥದ್ದು. ಒದ್ದೆ ಮಸಿಯ ಮೇಲೆ ಒಣ ಮಸಿ, ಅದರ ಮೇಲೆ ಮತ್ತೆ ಒದ್ದೆ, ಹೀಗೆ ಪದರ ಪದರವಾಗಿ ಕಟ್ಟಿಕೊಂಡಿದೆ.

ಅವತ್ತು ತಗಡನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಯೋಚಿಸಿದೆ. ಹಾಕಿದ್ದರೆ ಏನಾಗುತ್ತಿತ್ತು? ಇಂಟೇಕಿಗೆ ಮಸಿ ಹೋಗುವುದು ನಿಲ್ಲುತ್ತಿತ್ತು, ಕಪ್ಪು ಹೊಗೆಯೂ ಕಡಿಮೆಯಾಗುತ್ತಿತ್ತು. ಬ್ಲಾಕ್ ಮಾಡಿದವರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಇಜಿಆರ್ ಇರುವುದು ಕಣ್ಣಿಗೆ ಕಾಣುವ ಹೊಗೆಗಾಗಿ ಅಲ್ಲ. ಗಾಳಿಯಲ್ಲಿ 78 ಭಾಗ ನೈಟ್ರೋಜನ್, 21 ಭಾಗ ಆಮ್ಲಜನಕ. ಸಾಮಾನ್ಯವಾಗಿ ಒಂದರ ತಂಟೆಗೆ ಒಂದು ಹೋಗದ ಇವೆರಡೂ ಸಿಲಿಂಡರಿನ ಉರಿಯ ತೀವ್ರ ಬಿಸಿಯಲ್ಲಿ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತವೆ. ಸುಟ್ಟ ಹೊಗೆಯನ್ನು ಬೆರೆಸಿದರೆ ಆಮ್ಲಜನಕದ ಪಾಲು ಇಳಿಯುತ್ತದೆ, ಅದರಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಬಿಸಿಯನ್ನು ಹೀರಿಕೊಳ್ಳುತ್ತವೆ, ಉರಿಯ ತುದಿ ತಗ್ಗುತ್ತದೆ. ಬಿಸಿ ಎಷ್ಟು ತಗ್ಗಿತೋ ಅದಕ್ಕೂ ಹೆಚ್ಚಿನ ಪಾಲಿನಲ್ಲಿ ಈ ವಿಷ ಕಡಿಮೆಯಾಗುತ್ತದೆ.

ತಗಡು ಹಾಕಿದ ಕಾರು ಹೊಗೆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಡೀಸೆಲ್ ಕಾರಿಗೆ ಸಾಮಾನ್ಯವಾಗಿ ಮಾಡುವ ಪರೀಕ್ಷೆ ಅಳೆಯುವುದು ಹೊಗೆ ಎಷ್ಟು ಕಪ್ಪಗಿದೆ ಎಂಬುದನ್ನು. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಯಾರೂ ಅಳೆಯುವುದಿಲ್ಲ. ನನಗೆ ಹೆಚ್ಚು ಚುಚ್ಚಿದ್ದು ಇದೇ. ಹೊಗೆ ಕಾಣದಂತೆ ಆಗುತ್ತದೆ, ನೋಡಿದವರು ಕಾರು ಚೊಕ್ಕವಾಗಿದೆ ಅನ್ನುತ್ತಾರೆ, ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತ ಸ್ಕೂಟರಿನವರ ಶ್ವಾಸಕೋಶಕ್ಕೆ ಹೋಗುವುದು ಮಾತ್ರ ಹೆಚ್ಚಾಗುತ್ತದೆ. ಅವರಲ್ಲಿ ಉಬ್ಬಸ ಇರುವವರಿಗೆ ಅದು ಇನ್ನಷ್ಟು ಕೆರಳುತ್ತದೆ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ವಿಷಯದಲ್ಲಿ 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೊರಗೆಡವಿದ್ದೂ ಇಂಥದ್ದೇ: ಪರೀಕ್ಷೆಯ ಹೊತ್ತಿಗೆ ಹೊಗೆ ನಿಯಂತ್ರಣ ಪೂರ್ತಿ ನಡೆಯುತ್ತಿತ್ತು, ರಸ್ತೆಗಿಳಿದರೆ ಇಲ್ಲ, ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟಿನವರೆಗೂ ಹೋಗುತ್ತಿತ್ತು. ಅವರು ಸಾಫ್ಟ್‌ವೇರಿನಲ್ಲಿ ಮಾಡಿದ್ದನ್ನು ನಾನು ತಗಡಿನಲ್ಲಿ ಮಾಡಲು ಹೊರಟಿದ್ದೆ. ಎಷ್ಟೋ ದೇಶಗಳಲ್ಲಿ ಈ ಕೆಲಸ ಕಾನೂನಿಗೆ ವಿರುದ್ಧ ಕೂಡ. ಆದರೆ ನನ್ನನ್ನು ತಡೆದದ್ದು ಕಾನೂನಿನ ಭಯವಲ್ಲ, ಇದು.

ಹಾಗಾಗಿ ತೊಳೆಯಲು ಕೂತೆ. ಇಲ್ಲಿ ಒಂದು ಎಚ್ಚರಿಕೆ: ಕಾಸ್ಟಿಕ್ ಸೋಡಾ ಬಳಸಬೇಡಿ. ಮಸಿಯನ್ನು ಬಿಡಿಸುತ್ತದೆ ನಿಜ, ಜೊತೆಗೆ ಅಲ್ಯೂಮಿನಿಯಮ್ಮನ್ನೂ ತಿಂದು ಹೈಡ್ರೋಜನ್ ಬಿಡುತ್ತದೆ. ಅಲ್ಯೂಮಿನಿಯಮ್ಮಿಗೆ ಆಗಿಬರುವ ಡಿಗ್ರೀಸರಿನಲ್ಲಿ ಮ್ಯಾನಿಫೋಲ್ಡನ್ನೂ ಕೂಲರನ್ನೂ ಒಂದು ರಾತ್ರಿ ನೆನೆಸಿಟ್ಟು, ಬಾಟಲಿ ತೊಳೆಯುವ ಬ್ರಷ್ಷಿನಿಂದ ಉಜ್ಜಿದೆ. ನೀರು ತಿಳಿಯಾಗುವ ತನಕ ನಾಲ್ಕು ಸಲ ತೊಳೆದೆ. ವಾಲ್ವಿನ ಮೋಟರ್ ಇರುವ ಭಾಗಕ್ಕೆ ಹನಿ ನೀರೂ ತಾಗಬಾರದು, ಅದನ್ನು ತಲೆಕೆಳಗಾಗಿ ಹಿಡಿದು ಕಾರ್ಬ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಎಂಜಿನ್ ಕಡೆಯ ಪೋರ್ಟುಗಳಿಗೆ ಬಟ್ಟೆ ತುರುಕಿಯೇ ಕೆರೆದದ್ದು, ಒಂದು ಗಟ್ಟಿ ಚೂರು ಒಳಗೆ ಬಿದ್ದರೂ ವಾಲ್ವ್ ಸೀಟಿಗೆ ಕೇಡು. ತುರುಕುವಾಗ ಬಟ್ಟೆಗಳನ್ನು ಎಣಿಸಿಟ್ಟುಕೊಂಡಿದ್ದೆ, ತೆಗೆಯುವಾಗ ಮತ್ತೆ ಎಣಿಸಿದೆ.

ಕೂಲರನ್ನು ವಾಪಸ್ ಹಾಕುವ ಮುಂಚೆ ಸೋರಿಕೆ ನೋಡಬೇಕು. ಕೂಲಂಟಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪಿನಿಂದ ಹಗುರಾಗಿ ಗಾಳಿ ಕೊಟ್ಟು ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಗುಳ್ಳೆ ಏಳಲಿಲ್ಲ. ಎದ್ದಿದ್ದರೆ ಹೊಸದೇ ಹಾಕಬೇಕು, ಬೆಸುಗೆ ಹಾಕಿ ಸುಧಾರಿಸುವ ಮಾತೇ ಇಲ್ಲ. ಕೂಲಂಟ್ ಸಿಲಿಂಡರಿಗೆ ಇಳಿದರೆ ಎಂಜಿನ್ನೇ ಹೋಗಬಹುದು.

ಹೊಸ ಪ್ಯಾಕಿಂಗ್, ನನ್ನ ಮ್ಯಾನ್ಯುಯಲ್ ಹೇಳಿದಂತೆ ಎಂ8 ಬೋಲ್ಟುಗಳಿಗೆ 22 ನ್ಯೂಟನ್ ಮೀಟರ್ ಬಿಗಿ, ಹೊಸ ವ್ಯಾಕ್ಯೂಮ್ ಪೈಪು. ಬ್ರಾಕೆಟ್ಟಿಗೆ ತಾಗುವ ಕಡೆ ಪೈಪಿನ ಮೇಲೆ ಇನ್ನೊಂದು ದಪ್ಪ ಪೈಪಿನ ತುಂಡನ್ನು ಏರಿಸಿದೆ. ಕೂಲಂಟ್ ತುಂಬಿ ಗಾಳಿ ತೆಗೆದು, ವಾಲ್ವಿನ ಮುಚ್ಚಿದ ಸ್ಥಾನವನ್ನು ಸ್ಕ್ಯಾನರಿನಿಂದ ಇಸಿಯುಗೆ ಮತ್ತೆ ಕಲಿಸಿದೆ. ವಾಲ್ವ್ ಮುಚ್ಚಿದಾಗ 480, ತೆರೆದಾಗ 290. ಆ ಅಂಕಿ ನೋಡಿದಾಗ ಆದ ಸಂತೋಷ ದೊಡ್ಡದು. ಪಿಕಪ್ ಹಳೆಯ ದಿನಗಳಂತೆ ಬಂತು, ಜಗ್ಗುವುದು ನಿಂತಿತು, ಕೋಡ್ ಅಳಿಸಿದ ಮೇಲೆ ಮತ್ತೆ ಬರಲಿಲ್ಲ.

8,000 ಕಿ.ಮೀ. ಓಡಿಸಿದ ಮೇಲೆ ವಾಲ್ವ್ ಬಿಚ್ಚಿ, ಕ್ಯಾಮೆರಾ ವೈರ್ ಇಳಿಸಿ ಕೂಲರಿನ ಒಳಗೆ ನೋಡಿದೆ. ತೆಳುವಾದ ಕಪ್ಪು ಬಳಿದಂತಿತ್ತು, ಬೆರಳು ಸೋಕಿದರೆ ಪುಡಿ. ಈಗ ಪ್ರತಿ ಆಯಿಲ್ ಬದಲಿಸುವ ಹೊತ್ತಿಗೆ ಒಂದು ಕೆಲಸ ಮಾಡುತ್ತೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ, ಒಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ, ಟಾರ್ಚ್ ಹಿಡಿದು ಬೈಪಾಸಿನ ಕಡ್ಡಿಯನ್ನು ನೋಡುತ್ತೇನೆ. ಸ್ಟಾರ್ಟ್ ಆದ ಕೂಡಲೇ ಅದು ಒಳಕ್ಕೆ ಸರಿಯುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹಿಂದಕ್ಕೆ ಬರುತ್ತದೆ.